ತೊಲೆಗೆ ಸಲ್ಲುವ ಮರ, ಒಲೆಗೆ ಸಲ್ಲುವ ಮರ

ನೆಲದಲ್ಲಿ ಬೇರೂರಿ ನಿಂತಿರುವ ತನಕ ಅದು ಮರ. ಕಡಿದು ಕೆಡಹಿದ ಮೇಲೆ ದಿಮ್ಮಿ. ಗರಗಸಕ್ಕೆ ಸಿಕ್ಕರೆ ತೊಲೆ, ಹಲಗೆ, ರೀಪು. ಕೊಡಲಿಗೆ ಸಿಕ್ಕರೆ ಸೌದೆ. ಒಂದೇ ವಸ್ತುವಿಗೆ ನಮ್ಮ ನುಡಿ ಇಷ್ಟು ಹೆಸರುಗಳನ್ನು ಇರಿಸಿಕೊಂಡಿರುವುದು ಶಬ್ದವೈಭವಕ್ಕಾಗಿ ಅಲ್ಲ. ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಕೆಲಸವಿದೆ, ಒಂದೊಂದು ತೀರ್ಮಾನವಿದೆ. ಉತ್ತರ ಕರ್ನಾಟಕದವರು ಕಟ್ಟಿಗೆ ಎನ್ನುವುದನ್ನು ಹಳೆಯ ಮೈಸೂರಿನವರು ಸೌದೆ ಎನ್ನುತ್ತಾರೆ; ಉರುವಲು ಎಂಬ ಮಾತು ಎರಡು ಕಡೆಗೂ ಸಲ್ಲುತ್ತದೆ. ಸಂಸ್ಕೃತದ ‘ಇಂಧನ’ ಮತ್ತು ‘ಸಮಿಧೆ’ಗಳು ಹೊತ್ತಿಸು ಎಂಬ ಅರ್ಥದ ‘ಇಂಧ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಯಜ್ಞಕುಂಡದ ಸಮಿಧೆಗೂ ಬಚ್ಚಲೊಲೆಯ ಇಂಧನಕ್ಕೂ ವ್ಯಾಕರಣದಲ್ಲಿ ಕುಲಭೇದವಿಲ್ಲ.

ಅಡುಗೆ ಅನಿಲದ ಸಿಲಿಂಡರು ಮನೆಮನೆಗೆ ಬಂದಿರುವ ಈ ದಿನಗಳಲ್ಲಿ ಸೌದೆಯ ವಿಚಾರವೇಕೆ ಎಂದು ವಾಚಕರು ಕೇಳಬಹುದು. ೨೦೧೬ರ ಮೇ ತಿಂಗಳಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ದೇಶದ ಕೋಟ್ಯಂತರ ಮನೆಗಳಿಗೆ ಅನಿಲದ ಸಂಪರ್ಕ ದೊರೆತಿರುವುದು ನಿಜ. ಆದರೂ ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಅಡುಗೆಗೆ ಶುದ್ಧ ಇಂಧನವನ್ನು ಬಳಸುತ್ತಿದ್ದ ಮನೆಗಳು ೧೦೦ಕ್ಕೆ ೫೮.೬ ಮಾತ್ರ. ಅನಿಲವಿರುವ ಮನೆಗಳಲ್ಲೂ ಸ್ನಾನದ ಹಂಡೆಗೆ, ಮದುವೆಮುಂಜಿಗಳ ಅಡುಗೆಗೆ, ಜಾತ್ರೆಯ ದಾಸೋಹಕ್ಕೆ ಸೌದೆಯೇ ಬೇಕು. ಆದುದರಿಂದ ಈ ವಿಚಾರ ಇನ್ನೂ ಹಳತಾಗಿಲ್ಲ. ಅದನ್ನು ತಿಳಿಯದೆ ನಡೆದುಕೊಂಡರೆ ಕೆಡುವುದು ಹಣ ಮಾತ್ರವಲ್ಲ. ಒಲೆಯ ಮುಂದೆ ಕುಳಿತವರ ಕಣ್ಣು, ಶ್ವಾಸಕೋಶಗಳೂ ಕೆಡುತ್ತವೆ.

ಗಟ್ಟಿ ಮರ ಚೆನ್ನಾಗಿ ಉರಿಯುತ್ತದೆ, ಮೆದು ಮರ ಕೆಲಸಕ್ಕೆ ಬಾರದು ಎಂಬುದು ನಮ್ಮಲ್ಲಿ ಬಳಕೆಯಲ್ಲಿರುವ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಸೌದೆಯ ಯೋಗ್ಯತೆಯನ್ನು ಮೊದಲು ನಿರ್ಧರಿಸುವುದು ಅದರ ಜಾತಿಯಲ್ಲ, ಅದರ ಒಣಗಿಕೆ. ಜಾತಿಯ ಮಾತು ಬರುವುದು ಆಮೇಲೆ.

ಗಟ್ಟಿ ಮರ, ಮೆದು ಮರ

ಪಾಶ್ಚಾತ್ಯ ಸಸ್ಯಶಾಸ್ತ್ರಜ್ಞರೂ ಮರದ ವ್ಯಾಪಾರಿಗಳೂ ಮರಗಳನ್ನು ಗಟ್ಟಿ ಮತ್ತು ಮೆದು ಎಂದು ಎರಡು ವರ್ಗ ಮಾಡುತ್ತಾರೆ. ಇದು ಕೈಯಿಂದ ಮುಟ್ಟಿ, ಉಗುರಿನಿಂದ ಗೀರಿ ಮಾಡಿದ ವಿಭಾಗವಲ್ಲ. ಸೂಜಿಯಂತಹ ಎಲೆಗಳುಳ್ಳ, ಹೂ ಬಿಡದೆ ಶಂಕುವಿನಾಕಾರದ ಕಾಯಿಗಳಲ್ಲಿ ಬೀಜ ಕಟ್ಟುವ ಪೈನ್, ದೇವದಾರು ಮೊದಲಾದವು ಮೆದು ಮರಗಳ ವರ್ಗಕ್ಕೆ ಸೇರುತ್ತವೆ. ಹೂ ಬಿಟ್ಟು ಕಾಯಿ ಕಟ್ಟುವ, ಅಗಲ ಎಲೆಯ ಮರಗಳೆಲ್ಲ ಗಟ್ಟಿ ಮರಗಳ ವರ್ಗದವು. ಮೊದಲನೆಯವುಗಳ ಒಳಗೆ ನೀರೇರುವುದು ಬಲು ಸಣ್ಣ ನಾರುಕೋಶಗಳ ಮೂಲಕ. ಎರಡನೆಯವುಗಳಲ್ಲಿ ಅದಕ್ಕೆಂದೇ ಉದ್ದನೆಯ ಕೊಳವೆಗಳಿರುತ್ತವೆ. ವಿಭಾಗಕ್ಕೆ ಆಧಾರ ಈ ರಚನೆಯೇ ಹೊರತು ಗಡಸುತನವಲ್ಲ.

ಹೀಗಾಗಿ ವಿಚಿತ್ರವಾದ ಫಲಗಳು ಒದಗುತ್ತವೆ. ದಕ್ಷಿಣ ಅಮೆರಿಕದ ಬಾಲ್ಸಾ ಮರ ಬೆಂಡಿನಷ್ಟು ಹಗುರವಾದರೂ ಶಾಸ್ತ್ರರೀತ್ಯಾ ಗಟ್ಟಿ ಮರ! ಹಿಮಾಲಯದ ದೇವದಾರು ಶಾಸ್ತ್ರರೀತ್ಯಾ ಮೆದು ಮರ. ಆದರೂ ಹಿಮಾಚಲ ಪ್ರದೇಶದ ಬೆಟ್ಟದೂರುಗಳಲ್ಲಿ ಅದರ ತೊಲೆಗಳನ್ನು ಕಲ್ಲಿನೊಡನೆ ಹೆಣೆದು ಕಟ್ಟಿದ ದೇವಾಲಯಗಳು ನೂರಾರು ವರ್ಷಗಳಿಂದ ನಿಂತಿವೆ. ನಮ್ಮ ಕರಾವಳಿಯ ಮರಳಿನಲ್ಲೂ ಬಯಲುನಾಡಿನ ತೋಪುಗಳಲ್ಲೂ ಬೆಳೆಯುವ ಸರ್ವೆಯನ್ನು ನೋಡಿದವರು ಅದರ ಸೂಜಿಯಂತಹ ಕಡ್ಡಿಗಳಿಗೆ ಮೋಸಹೋಗಿ ಪೈನ್ ಮರದ ಬಳಗವೆಂದುಕೊಳ್ಳುವುದುಂಟು. ಅದು ಹೂ ಬಿಡುವ ಮರ. ನಾವು ಎಲೆಯೆಂದು ತಿಳಿಯುವುದು ಅದರ ಹಸುರು ಕಡ್ಡಿ. ನಿಜವಾದ ಎಲೆ ಆ ಕಡ್ಡಿಯ ಗೆಣ್ಣುಗಳ ಬಳಿ ಹಲ್ಲಿನಂತೆ ಸಣ್ಣಗಿರುತ್ತದೆ. ಸರ್ವೆ ಸೌದೆಗೆ ಅತ್ಯುತ್ತಮವಾದ ಮರಗಳಲ್ಲೊಂದು.

ಶಂಕುಕಾಯಿಯ ಮರಗಳು ದಕ್ಷಿಣ ಭಾರತದ ಕಾಡುಗಳಿಗೆ ಬಹುಮಟ್ಟಿಗೆ ಪರಕೀಯ. ಆದುದರಿಂದ ನಾವು ಕನ್ನಡಿಗರು ಗಟ್ಟಿ, ಮೆದು ಎಂದಾಗ ಶಾಸ್ತ್ರದ ವರ್ಗವನ್ನು ಉದ್ದೇಶಿಸದೆ, ಕೊಡಲಿಗೂ ಉಳಿಗೂ ತಿಳಿಯುವ ಗಡಸುತನವನ್ನೇ ಉದ್ದೇಶಿಸುತ್ತೇವೆ. ಅದನ್ನು ತೂಕದಿಂದ ಅಳೆಯಬಹುದು. ಒಂದು ಘನ ಅಡಿ ನೀರಿನ ತೂಕ ಸುಮಾರು ೨೮ ಕಿಲೋ. ಒಣಗಿದ ಬೂರುಗದ ಮರ ಅದೇ ಅಳತೆಗೆ ಸುಮಾರು ೧೦ ಕಿಲೋ ತೂಗುತ್ತದೆ. ತೇಗ ೧೮ರ ಆಸುಪಾಸು. ಸರ್ವೆ ೨೩ ಕಿಲೋಗೂ ಮೇಲೆ.

ಈ ವ್ಯತ್ಯಾಸಕ್ಕೆ ಕಾರಣವೇನು? ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರವೆಂಬುದು ಜೇನುಹುಟ್ಟಿನಂತೆ ಗೋಡೆ ಮತ್ತು ಟೊಳ್ಳುಗಳಿಂದಾದದ್ದು. ಗೋಡೆಯ ದ್ರವ್ಯ ಎಲ್ಲ ಮರಗಳಲ್ಲೂ ಹೆಚ್ಚುಕಡಿಮೆ ಒಂದೇ. ಅದರ ಸಾಂದ್ರತೆ ನೀರಿನ ಸುಮಾರು ಒಂದೂವರೆಯಷ್ಟು. ಬೂರುಗದಲ್ಲಿ ಗೋಡೆ ತೆಳು, ಟೊಳ್ಳು ದೊಡ್ಡದು. ಸರ್ವೆಯಲ್ಲಿ ಗೋಡೆ ದಪ್ಪ, ಟೊಳ್ಳು ಕಿರಿದು. ಒಂದು ಸೇರು ಅಕ್ಕಿ, ಒಂದು ಸೇರು ಮಂಡಕ್ಕಿಗಳ ದೃಷ್ಟಾಂತವನ್ನು ಇಲ್ಲಿ ತೆಗೆದುಕೊಳ್ಳಬಹುದು. ಸೇರಿನಲ್ಲಿ ಅಳೆದರೆ ಅಕ್ಕಿಯಲ್ಲಿ ಸತ್ತ್ವ ಹೆಚ್ಚು. ತಕ್ಕಡಿಯಲ್ಲಿ ತೂಗಿದರೆ ಎರಡೂ ಸರಿಸುಮಾರು ಸಮ. ಮರವೂ ಹಾಗೆಯೇ. ಚೆನ್ನಾಗಿ ಒಣಗಿದ ಒಂದು ಕಿಲೋ ಮರ, ಅದು ಯಾವ ಜಾತಿಯದೇ ಆಗಲಿ, ಸುಮಾರು ೪೫೦೦ ಕಿಲೋಕ್ಯಾಲರಿ ಶಾಖವನ್ನು ಕೊಡುತ್ತದೆ. ಅಂಟು ಹೆಚ್ಚಿರುವ ಪೈನಿನಂಥವು ಸ್ವಲ್ಪ ಮಿಗಿಲು ಕೊಡುತ್ತವೆ, ಅಷ್ಟೆ. ಆದುದರಿಂದ ಗಾಡಿಯ ಲೆಕ್ಕದಲ್ಲಿ ಸೌದೆ ಕೊಳ್ಳುವವನು ಗಟ್ಟಿ ಮರವನ್ನು ಆರಿಸಿಕೊಳ್ಳುವುದು ಜಾಣತನ. ತೂಕದ ಲೆಕ್ಕದಲ್ಲಿ ಕೊಳ್ಳುವವನಿಗೆ ಜಾತಿಗಿಂತ ಒಣಗಿಕೆಯೇ ಮುಖ್ಯ.

ಗರಗಸದ ಬಾಯಿಯಲ್ಲಿ

ಒಲೆಯ ಮಾತಿಗೆ ಮುಂಚೆ ತೊಲೆಯ ಮಾತನ್ನು ಮುಗಿಸುವುದು ಒಳಿತು. ತೊಲೆಗೆ ಸಲ್ಲಬೇಕಾದುದು ಒಲೆಗೆ ಬೀಳಬಾರದು. ತೊಲೆಯಿಂದ ಉಳಿದುದು ಮಣ್ಣುಪಾಲಾಗಬಾರದು.

ಹಿಂದೆ ಮರ ಕೊಯ್ಯಲು ನೆಲದಲ್ಲಿ ಆಳವಾದ ಗುಂಡಿ ತೋಡಿ, ಅದರ ಮೇಲೆ ದಿಮ್ಮಿಯನ್ನು ಅಡ್ಡಲಾಗಿ ಇಡುತ್ತಿದ್ದರು. ದಾರವನ್ನು ಮಸಿಯಲ್ಲಿ ಅದ್ದಿ, ಬಿಗಿಯಾಗಿ ಹಿಡಿದು, ಮೀಟಿ ಗೆರೆ ಹಾಕುತ್ತಿದ್ದರು. ಒಬ್ಬನು ದಿಮ್ಮಿಯ ಮೇಲೆ, ಇನ್ನೊಬ್ಬನು ಗುಂಡಿಯೊಳಗೆ ನಿಂತು ಉದ್ದನೆಯ ಗರಗಸವನ್ನು ಎಳೆಯುತ್ತಿದ್ದರು. ಮೇಲಿನವನಿಗೆ ಗೆರೆ ತಪ್ಪದಂತೆ ನಡೆಸುವ ಹೊಣೆ. ಕೆಳಗಿನವನಿಗೆ ಮೈಮೇಲೆಲ್ಲ ಹುಡಿಯ ಮಳೆ. ಈಗ ಆ ಕೆಲಸವನ್ನು ಸಾಮಿಲ್ಲಿನ ಪಟ್ಟಿಗರಗಸ ಕೆಲವೇ ನಿಮಿಷಗಳಲ್ಲಿ ಮಾಡುತ್ತದೆ. ಯಂತ್ರ ಬದಲಾಗಿದೆ, ಮರದ ಸ್ವಭಾವ ಬದಲಾಗಿಲ್ಲ.

ದಿಮ್ಮಿಯ ಅಡ್ಡಕೊಯ್ತವನ್ನು ನೋಡಿದರೆ ಹೊರಗೆ ತೊಗಟೆ, ಅದರೊಳಗೆ ಬಿಳುಪಾದ ಭಾಗ, ನಡುವೆ ಗಾಢ ಬಣ್ಣದ ಚೇಗು ಕಾಣಿಸುತ್ತವೆ. ಬಿಳಿಯ ಭಾಗದಲ್ಲಿ ಜೀವರಸ ಹರಿಯುತ್ತದೆ. ಅಲ್ಲಿ ಪಿಷ್ಟವಿರುವುದರಿಂದ ಹುಳುಗಳಿಗೆ ಅದೇ ಆಹಾರ. ಚೇಗಿನಲ್ಲಿ ರಸಸಂಚಾರ ನಿಂತಿರುತ್ತದೆ. ತೇಗ, ಬೀಟೆ, ಹೊನ್ನೆಯಂತಹ ಮರಗಳು ಅಲ್ಲಿ ಹುಳುಗಳಿಗೂ ಬೂಷ್ಟಿಗೂ ಒಗ್ಗದ ದ್ರವ್ಯಗಳನ್ನು ತುಂಬಿಟ್ಟಿರುತ್ತವೆ. ಬಡಗಿಯು ಬಾಗಿಲವಾಡಕ್ಕೆ ಚೇಗನ್ನೇ ಕೇಳುವುದು ಇದಕ್ಕಾಗಿ.

ಇನ್ನು ಒಣಗುವಿಕೆ. ಹಸಿಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಟೊಳ್ಳುಗಳಲ್ಲಿ ನಿಂತಿರುವ ನೀರು ಒಂದು, ಗೋಡೆಗಳಲ್ಲಿ ಹೀರಿಕೊಂಡಿರುವ ನೀರು ಇನ್ನೊಂದು. ಟೊಳ್ಳಿನ ನೀರು ಮೊದಲು ಹೋಗುತ್ತದೆ. ಆಗ ಮರ ಹಗುರಾಗುತ್ತದೆಯೇ ಹೊರತು ಆಕಾರ ಕೆಡುವುದಿಲ್ಲ. ಗೋಡೆಯ ನೀರು ಹೋಗತೊಡಗಿದಾಗ ಮರ ಕುಗ್ಗುತ್ತದೆ. ಈ ಕುಗ್ಗುವಿಕೆ ಎಲ್ಲ ದಿಕ್ಕಿಗೂ ಸಮವಲ್ಲ. ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಅಲ್ಪ. ನಡುವಿನಿಂದ ತೊಗಟೆಯ ಕಡೆಗೆ ಒಂದು ಪಾಲು ಕುಗ್ಗಿದರೆ, ಬಳೆಯಂತಹ ವಲಯಗಳ ಗುಂಟ ಸುಮಾರು ಎರಡು ಪಾಲು ಕುಗ್ಗುತ್ತದೆ. ದಿಮ್ಮಿ ಸೀಳುವುದು, ಹಲಗೆ ದೋಣಿಯಂತೆ ಬಾಗುವುದು ಈ ಅಸಮತೆಯಿಂದಲೇ. ಆದುದರಿಂದ ತಿಳಿದವರು ಬೆಲೆಬಾಳುವ ಹಲಗೆಗಳನ್ನು ನಡುವಿನಿಂದ ತೊಗಟೆಯ ದಿಕ್ಕಿಗೆ ಕೊಯ್ಯಿಸುತ್ತಾರೆ. ಮರ ಸ್ವಲ್ಪ ಹೆಚ್ಚು ವ್ಯಯವಾದರೂ ಹಲಗೆ ಸೆಡೆಯುವುದಿಲ್ಲ. ದಿಮ್ಮಿಯ ಎರಡು ತುದಿಗಳಿಗೂ ಸಗಣಿಯನ್ನೋ ಕೆಮ್ಮಣ್ಣನ್ನೋ ಬಣ್ಣವನ್ನೋ ಬಳಿಯುವುದು, ತುದಿಗಳು ಬೇಗನೆ ಒಣಗಿ ಬಿರಿಯದಿರಲೆಂದು. ಕೊಯ್ದ ಹಲಗೆಗಳನ್ನು ನೆರಳಿನಲ್ಲಿ, ನಡುನಡುವೆ ಸಮಗಾತ್ರದ ರೀಪುಗಳನ್ನು ಕೊಟ್ಟು, ಒಂದರ ಮೇಲೊಂದರಂತೆ ಒಟ್ಟಿ, ಮೇಲೆ ಭಾರ ಹೇರಿ ತಿಂಗಳುಗಟ್ಟಲೆ ಬಿಡಬೇಕು. ಅವಸರ ಪಟ್ಟು ಹಸಿ ಹಲಗೆಯಿಂದ ಬಾಗಿಲು ಮಾಡಿಸಿದವನು ಬೇಸಗೆಯಲ್ಲಿ ಬಾಗಿಲಿನ ಸಂದಿನಿಂದ ಬೀದಿಯನ್ನು ನೋಡಬೇಕಾಗುತ್ತದೆ.

ದುಂಡನೆಯ ದಿಮ್ಮಿಯನ್ನು ಚೌಕವಾಗಿ ಕೊಯ್ದಾಗ ಹಲಗೆಯಾಗಿ ಕೈಗೆ ಬರುವುದು ಸುಮಾರು ಅರ್ಧ ಪಾಲು. ಉಳಿದದ್ದು ಹೊರಮೈಯ ಸೀಳು, ತುಂಡು, ಹುಡಿ. ಇದನ್ನು ನಮ್ಮ ಜನ ಹಾಳುಮಾಡಿಲ್ಲವೆಂಬುದು ಮೆಚ್ಚತಕ್ಕ ಸಂಗತಿ. ಸೀಳುಗಳು ಬಚ್ಚಲೊಲೆಗೆ ಹೋದವು. ಹುಡಿಗೆಂದೇ ಹೊಟ್ಟಿನ ಒಲೆ ಹುಟ್ಟಿತು. ತಗಡಿನ ಡಬ್ಬಿಯ ನಡುವೆ ಒಂದು ಸೀಸೆಯನ್ನೋ ದುಂಡನೆಯ ಕೋಲನ್ನೋ ನಿಲ್ಲಿಸಿ, ಸುತ್ತಲೂ ಹೊಟ್ಟನ್ನು ಗಟ್ಟಿಯಾಗಿ ತುಂಬಿ, ಸೀಸೆಯನ್ನು ಮೆಲ್ಲನೆ ತೆಗೆದರೆ ನಡುವೆ ಗಾಳಿಯ ದಾರಿ ಉಳಿಯುತ್ತದೆ. ಕೆಳಗಿನ ಕಂಡಿಯಲ್ಲಿ ಒಂದೆರಡು ಕಡ್ಡಿ ಹೊತ್ತಿಸಿದರೆ ಗಂಟೆಗಟ್ಟಲೆ ಉರಿಯುತ್ತದೆ. ಹಲವು ಪಟ್ಟಣಗಳ ಬಡ ಮನೆಗಳಲ್ಲಿ ಒಂದು ಕಾಲಕ್ಕೆ ಇದೇ ದೊಡ್ಡ ಆಸರೆಯಾಗಿತ್ತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಣ್ಣ ಬಳಿದ ಹಳೆಯ ಕಿಟಕಿಬಾಗಿಲು, ಪ್ಲೈವುಡ್ಡು, ಗೆದ್ದಲು ಹತ್ತದಂತೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳನ್ನು ಉಣಿಸಿದ ಕಂಬ, ಇವುಗಳ ತುಂಡುಗಳನ್ನು ಎಂದಿಗೂ ಒಲೆಗೆ ಹಾಕಬಾರದು. ಅವುಗಳ ಹೊಗೆಯೂ ವಿಷ, ಬೂದಿಯೂ ವಿಷ. ಅಂತಹ ಬೂದಿಯಿಂದ ಪಾತ್ರೆ ಬೆಳಗುವುದು ಅಪಾಯಕರ.

ಉರಿಯೆಂದರೇನು?

ಸೌದೆ ಉರಿಯುತ್ತದೆ ಎನ್ನುತ್ತೇವೆ. ನಿಜಕ್ಕೂ ಜ್ವಾಲೆಯಾಗಿ ಉರಿಯುವುದು ಸೌದೆಯಲ್ಲ, ಸೌದೆಯಿಂದ ಹೊರಟ ಅನಿಲ. ಒಲೆಗಿಟ್ಟ ಸೌದೆಯಲ್ಲಿ ಮೊದಲು ನೀರು ಆವಿಯಾಗಿ ಹೋಗುತ್ತದೆ. ಅದು ಮುಗಿಯುವ ತನಕ ಆ ಭಾಗದ ಶಾಖ ೧೦೦ ಡಿಗ್ರಿಯನ್ನು ದಾಟಿ ಹೆಚ್ಚೇನೂ ಏರದು. ಆಮೇಲೆ ೨೦೦ ಡಿಗ್ರಿ ಮೀರಿದಂತೆ ಮರದ ದ್ರವ್ಯ ಒಡೆದು ಅನಿಲಗಳಾಗತೊಡಗುತ್ತದೆ. ೩೦೦ ಡಿಗ್ರಿಯ ಹೊತ್ತಿಗೆ ಅದು ಭರದಿಂದ ನಡೆಯುತ್ತದೆ. ಒಣಮರದ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಹೀಗೆ ಅನಿಲವಾಗಿ ಹೊರಬೀಳುವುದು. ಈ ಅನಿಲ ಸಾಕಷ್ಟು ಬಿಸಿಯಾಗಿದ್ದು, ಗಾಳಿಯೊಡನೆ ಬೆರೆತರೆ ಜ್ವಾಲೆ. ಬಿಸಿ ಸಾಲದೆಯೋ ಗಾಳಿ ಸಾಲದೆಯೋ ಉರಿಯದೆ ಹೋದರೆ ಹೊಗೆ. ಕೊನೆಗೆ ಉಳಿಯುವುದು ಕೆಂಡ. ಅದೂ ಉರಿದರೆ ಬೂದಿ.

ಆದುದರಿಂದ ಹೊಗೆಯೆಂದರೆ ಉರಿಯದೆ ಓಡಿಹೋದ ಸೌದೆ. ಇದು ಅಲಂಕಾರದ ಮಾತಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ದೊಡ್ಡ ಸಾಕ್ಷ್ಯವಿತ್ತು. ಭದ್ರಾವತಿಯ ಕಾರ್ಖಾನೆಗೆ ಮೊದಲಿದ್ದ ಹೆಸರು ಮೈಸೂರು ಮರ ಬಟ್ಟಿಯಿಳಿಸುವಿಕೆ ಮತ್ತು ಕಬ್ಬಿಣದ ಕಾರ್ಖಾನೆ ಎಂಬರ್ಥದ್ದು. ೧೯೨೩ರಲ್ಲಿ ಅಲ್ಲಿ ಕಬ್ಬಿಣದ ಕುಲುಮೆ ಉರಿಯತೊಡಗಿದಾಗ ಅದಕ್ಕೆ ಇಂಧನ ಕಲ್ಲಿದ್ದಲಲ್ಲ, ಮಲೆನಾಡಿನ ಕಾಡುಮರದ ಇದ್ದಿಲು. ಮರವನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಹೊರಟ ಹೊಗೆಯನ್ನು ಆಕಾಶಕ್ಕೆ ಬಿಡದೆ ತಣಿಸಿ ಹಿಡಿಯುತ್ತಿದ್ದರು. ಅದರಿಂದ ಮದ್ಯಸಾರದ ಒಂದು ಬಗೆಯಾದ ಮೆಥನಾಲು, ಅಸಿಟಿಕ್ ಆಮ್ಲದ ಲವಣ, ಟಾರು ಇವುಗಳನ್ನು ಪಡೆಯುತ್ತಿದ್ದರು. ನಮ್ಮ ಅಡುಗೆಮನೆಯ ತೊಲೆಗಳಿಗೆ ಕಪ್ಪಾಗಿ ಅಂಟಿ, ಕಣ್ಣಲ್ಲಿ ನೀರು ಬರಿಸುವ ಹೊಗೆಯೂ ಅದೇ ದ್ರವ್ಯಗಳ ಮಿಶ್ರಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದಾದಾಗ ನಮ್ಮ ರಸ್ತೆಗಳಲ್ಲಿ ಇದ್ದಿಲಿನ ಅನಿಲದಿಂದ ಬಸ್ಸುಗಳು ಓಡಿದವು. ಬಸ್ಸನ್ನೇ ಓಡಿಸಬಲ್ಲಷ್ಟು ಶಕ್ತಿ ಅಂತಹ ಅನಿಲದಲ್ಲಿದೆ. ಅದನ್ನು ಉರಿಸದೆ ಸೂರಿಗೆ ಬಿಟ್ಟರೆ ಆಗುವುದು ಬರಿಯ ಮಸಿ.

ನೀರಿಗೆ ಕೊಟ್ಟ ಹಣ

ಈಗ ತೇವದ ಲೆಕ್ಕವನ್ನು ನೋಡೋಣ. ಆಗತಾನೆ ಕಡಿದ ಮರದ ತೂಕದಲ್ಲಿ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೆ ನೀರೇ ಇರುತ್ತದೆ. ಚೆನ್ನಾಗಿ ಗಾಳಿಗೆ ಒಣಗಿದ ಸೌದೆಯಲ್ಲಿ ಅದು ೧೦೦ಕ್ಕೆ ೧೫ರಷ್ಟಕ್ಕೆ ಇಳಿಯುತ್ತದೆ. ಒಂದು ಕಿಲೋ ನೀರನ್ನು ೨೫ ಡಿಗ್ರಿಯಿಂದ ೧೦೦ ಡಿಗ್ರಿಗೆ ಏರಿಸಲು ೭೫ ಕಿಲೋಕ್ಯಾಲರಿ, ಆವಿಯಾಗಿಸಲು ಇನ್ನೂ ೫೪೦, ಒಟ್ಟು ೬೧೫ ಕಿಲೋಕ್ಯಾಲರಿ ಬೇಕು.

ಅರ್ಧ ನೀರಿರುವ ೧೦೦ ಕಿಲೋ ಹಸಿ ಸೌದೆಯನ್ನು ಕೊಂಡಿರೆಂದು ಭಾವಿಸಿ. ಅದರಲ್ಲಿ ಮರ ೫೦ ಕಿಲೋ. ಶಾಖ ೨,೨೫,೦೦೦ ಕಿಲೋಕ್ಯಾಲರಿ. ಉಳಿದ ೫೦ ಕಿಲೋ ನೀರನ್ನು ಓಡಿಸಲು ೩೦,೭೫೦ ವ್ಯಯ. ಮಿಕ್ಕದ್ದು ೧,೯೪,೨೫೦. ಅದೇ ಒಣಸೌದೆಯಾದರೆ ಮರ ೮೫ ಕಿಲೋ, ಶಾಖ ೩,೮೨,೫೦೦, ನೀರಿಗೆ ೯,೨೨೫ ಹೋದರೂ ಮಿಕ್ಕದ್ದು ೩,೭೩,೨೭೫. ಅಂದರೆ ಒಂದೇ ತೂಕಕ್ಕೆ ಒಂದೇ ಹಣ ಕೊಟ್ಟು ಅರ್ಧದಷ್ಟು ಶಾಖ ಪಡೆದಂತಾಯಿತು. ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ನೀರಿನ ಆವಿಯಿಂದ ಒಲೆ ತಣಿಯುತ್ತದೆ. ತಣಿದ ಒಲೆಯಲ್ಲಿ ಅನಿಲ ಹೊತ್ತಿಕೊಳ್ಳುವುದಿಲ್ಲ. ಹೊತ್ತದ ಅನಿಲ ಹೊಗೆಯಾಗುತ್ತದೆ. ಹಸಿ ಜಾಲಿಗಿಂತ ಒಣ ಬೂರುಗ ಮೇಲು ಎಂದು ಇದರಿಂದ ಸಿದ್ಧವಾಗುತ್ತದೆ. ತೂಕದ ಮೇಲೆ ಹಸಿ ಸೌದೆ ಕೊಂಡ ಬಡವನು ತನಗರಿವಿಲ್ಲದೆ ಬಾವಿಯ ನೀರಿಗೆ ಹಣ ತೆರುತ್ತಾನೆ.

ಒಣಸೌದೆಯನ್ನು ಗುರುತಿಸುವುದು ಕಷ್ಟವಲ್ಲ. ನಾನು ವಿದ್ಯಾರ್ಥಿಯಾಗಿದ್ದ ಪ್ರಸಾದನಿಲಯದಲ್ಲಿ ಅಡುಗೆಯ ಹಿರಿಯರೊಬ್ಬರು ಗಾಡಿ ಬಂದೊಡನೆ ಎರಡು ಸೀಳುಗಳನ್ನು ತೆಗೆದು ಒಂದಕ್ಕೊಂದು ಬಡಿದು ಕಿವಿಗೊಟ್ಟು ಕೇಳುತ್ತಿದ್ದರು. ಟಣ್ಣೆಂದು ಗೆಲುವಾಗಿ ನುಡಿದರೆ ಗಾಡಿಯನ್ನು ಒಳಗೆ ಬಿಡುತ್ತಿದ್ದರು. ದಬ್ಬೆಂದು ಮಂಕಾಗಿ ನುಡಿದರೆ, “ಇನ್ನೂ ನೀರು ಕುಡದೈತಿ, ಒಯ್ಯಪ್ಪಾ” ಎಂದು ಹಿಂದಕ್ಕೆ ಕಳಿಸುತ್ತಿದ್ದರು. ಈ ಪರೀಕ್ಷೆ ಶಾಸ್ತ್ರಸಮ್ಮತವೇ ಆಗಿದೆ. ತೇವ ದನಿಯನ್ನು ನುಂಗುತ್ತದೆ. ತುದಿಯಲ್ಲಿ ನಡುವಿನಿಂದ ಹೊರಟ ಬಿರುಕುಗಳು, ಸಡಿಲವಾಗಿ ಕಳಚುವ ತೊಗಟೆ, ಗಾತ್ರಕ್ಕೆ ಹಗುರವಾದ ತೂಕ, ಇವೂ ಒಣಗಿದ ಲಕ್ಷಣಗಳು. ಉರಿಯುವಾಗ ತುದಿಯಲ್ಲಿ ನೊರೆಯುಕ್ಕಿ ಸುಯ್ಯೆಂದರೆ ಅದು ಹಸಿ.

ಒಣಗಿಸುವ ವಿಧಾನವೂ ಸರಳ. ದುಂಡಾದ ತುಂಡನ್ನು ಹಾಗೆಯೇ ಬಿಟ್ಟರೆ ತೊಗಟೆ ತೇವವನ್ನು ತಡೆದು ಕೂರುತ್ತದೆ. ಆದುದರಿಂದ ಕಡಿದ ಕೂಡಲೇ ಸೀಳಬೇಕು. ಹಸಿಯಿರುವಾಗಲೇ ಗಟ್ಟಿ ಮರವನ್ನು ಸೀಳುವುದು ಸುಲಭ. ಒಣಗಿದ ಜಾಲಿ ಕೊಡಲಿಯ ಬಾಯನ್ನೇ ಮುರಿದೀತು. ಸೀಳನ್ನು ನೆಲಕ್ಕೆ ತಾಗದಂತೆ ಕಲ್ಲಿನ ಮೇಲೋ ಕೋಲುಗಳ ಮೇಲೋ ಒಟ್ಟಬೇಕು. ಮೇಲುಗಡೆ ಮುಚ್ಚಿಗೆ ಬೇಕು, ಪಕ್ಕಗಳು ಗಾಳಿಗೆ ತೆರೆದಿರಬೇಕು. ಸುತ್ತಲೂ ಪ್ಲಾಸ್ಟಿಕ್ಕು ಹೊದಿಸಿದರೆ ಮಳೆ ಒಳಗೆ ಬರುವುದಿಲ್ಲ, ತೇವ ಹೊರಗೂ ಹೋಗುವುದಿಲ್ಲ. ಮಲೆನಾಡಿನವರು ಬೇಸಗೆಯಲ್ಲೇ ಸೌದೆ ಸೀಳಿ, ಮುಂಗಾರು ಹಿಡಿಯುವ ಮೊದಲೇ ಕೊಟ್ಟಿಗೆ ತುಂಬಿಸಿಕೊಳ್ಳುವುದು ಈ ಜ್ಞಾನದಿಂದಲೇ. ಮೆದು ಮರದ ತೆಳು ಸೀಳುಗಳು ನಮ್ಮ ಬಿಸಿಲಿಗೆ ಕೆಲವು ವಾರಗಳಲ್ಲಿ ಒಣಗುತ್ತವೆ; ಜಾಲಿ, ಹುಣಸೆಯ ದಪ್ಪ ಸೀಳುಗಳಿಗೆ ತಿಂಗಳುಗಳು ಬೇಕು.

ಯಾವುದಕ್ಕೆ ಯಾವುದು

ಒಣಗಿಕೆಯ ವಿಚಾರ ಇತ್ಯರ್ಥವಾದ ಮೇಲೆ ಜಾತಿಯ ಗುಣಗಳು ಉಪಯೋಗಕ್ಕೆ ಬರುತ್ತವೆ. ಹಗುರ ಮರ ಬೇಗ ಹೊತ್ತುತ್ತದೆ, ಎತ್ತರದ ಜ್ವಾಲೆ ಕೊಡುತ್ತದೆ, ಬೇಗ ಮುಗಿಯುತ್ತದೆ. ಬೆಂಕಿಕಡ್ಡಿಯನ್ನು ಬೂರುಗದಂಥ ಮರದಿಂದ ಮಾಡುವುದೇ ಇದಕ್ಕೆ ನಿದರ್ಶನ. ಭಾರದ ಮರ ತಡವಾಗಿ ಹೊತ್ತುತ್ತದೆ, ನಿಧಾನವಾಗಿ ಉರಿಯುತ್ತದೆ, ಬಹುಕಾಲ ನಿಲ್ಲುವ ಕೆಂಡ ಕೊಡುತ್ತದೆ. ಹಾಗಾಗಿ ಒಲೆ ಹೊತ್ತಿಸಲು ಹಗುರದ್ದು, ಹೊತ್ತಿದ ಒಲೆಯನ್ನು ನಡೆಸಲು ಭಾರದ್ದು. ಉತ್ತರ ಕರ್ನಾಟಕದ ತಾಯಂದಿರು ಜೋಳದ ರೊಟ್ಟಿಗೆ ತೊಗರಿಕಟ್ಟಿಗೆಯನ್ನೋ ಹತ್ತಿಕಟ್ಟಿಗೆಯನ್ನೋ ಆರಿಸುವುದು ಬಡತನದಿಂದ ಮಾತ್ರವಲ್ಲ. ಹಂಚಿನ ಅಡಿಗೆ ಬೇಕಾದುದು ಬೇಕೆಂದಾಗ ಏರುವ, ಸಾಕೆಂದಾಗ ಇಳಿಯುವ ಜ್ವಾಲೆ. ಅದನ್ನು ಈ ತೆಳ್ಳನೆಯ ಕಡ್ಡಿಗಳು ಕೊಡುವಂತೆ ಜಾಲಿಯ ಬೊಡ್ಡೆ ಕೊಡಲಾರದು. ಹುರುಳಿ ಬೇಯಿಸಲು, ಹಂಡೆ ಕಾಯಿಸಲು, ದಾಸೋಹದ ಕೊಪ್ಪರಿಗೆಗೆ ಕರಿಜಾಲಿ, ಸರ್ವೆ, ದಿಂಡಿಗ, ಹುಣಸೆಗಳು ಶ್ರೇಷ್ಠ. ಇದ್ದಿಲಿಗೂ ಜಾಲಿಯೇ ಮೇಲು.

ಹೊರಗಿನಿಂದ ಬಂದು ನಮ್ಮ ಬಯಲುಸೀಮೆಯ ಕೆರೆಯಂಗಳಗಳನ್ನೂ ಹಾಳುಹೊಲಗಳನ್ನೂ ಆಕ್ರಮಿಸಿರುವ ಬಳ್ಳಾರಿ ಜಾಲಿಯ ಮೂಲ ಅಮೆರಿಕ ಖಂಡ. ಬೇಸಾಯಕ್ಕೆ ಅದು ಶತ್ರು. ಒಲೆಗೆ ಮಾತ್ರ ಮಿತ್ರ. ಅದರ ಸೌದೆ ಭಾರವಾದದ್ದು, ಕೆಂಡ ಗಟ್ಟಿಯಾದದ್ದು. ಕಡಿದಷ್ಟೂ ಮತ್ತೆ ಚಿಗುರುತ್ತದೆ. ಊರಿನ ಮಾವನ್ನೋ ಬೇವನ್ನೋ ಕಡಿಯುವ ಬದಲು ಇದನ್ನು ಕಡಿದರೆ ನೆಲಕ್ಕೂ ಉಪಕಾರ, ಒಲೆಗೂ ಉಪಕಾರ. ಇನ್ನು ಒಲೆಯಿಂದ ದೂರ ಇಡಬೇಕಾದವುಗಳೂ ಇವೆ. ಕಣಗಿಲೆ ಗಿಡದ ಎಲ್ಲ ಭಾಗಗಳೂ ವಿಷ. ಅದರ ಕಡ್ಡಿಯನ್ನು ಉರಿಸಬಾರದು. ಕಾಡುಗೇರಿನ ರಸ ಮೈಯಲ್ಲಿ ಬೊಕ್ಕೆ ಏಳಿಸುವಂಥದು. ಅದರ ಸಹವಾಸವೂ ಬೇಡ.

ಹಾಗೆಯೇ ಉಪಕರಣಕ್ಕೆ ಸಲ್ಲುವ ಮರವನ್ನು ಒಲೆಗೆ ಕೊಡುವುದು ಅವಿವೇಕ. ಕರಿಜಾಲಿಯ ನೆಟ್ಟನೆಯ ತುಂಡು ಬಂಡಿಯ ಗಾಲಿಗೆ ಸಲ್ಲುತ್ತದೆ. ಹುಣಸೆಯ ಚೇಗು ಒನಕೆಗೂ ಗಾಣಕ್ಕೂ ಸಲ್ಲುತ್ತದೆ. ಹಲಸು ಬಾಗಿಲಿಗೂ ವೀಣೆಯ ಕೊಡಕ್ಕೂ ಸಲ್ಲುತ್ತದೆ. ಮೆದುವೆಂದು ಕಡೆಗಣಿಸುವ ಹಾಲೆಮರದಿಂದ ಚನ್ನಪಟ್ಟಣದ ಕುಶಲಕರ್ಮಿಗಳು ಲೋಕಪ್ರಸಿದ್ಧವಾದ ಬೊಂಬೆಗಳನ್ನು ಕಡೆಯುತ್ತಾರೆ. ಗಟ್ಟಿಯಿರುವುದರಿಂದ ಜಾಲಿಗೆ ಗಾಲಿಯ ಯೋಗ್ಯತೆ. ಮೆದುವಿರುವುದರಿಂದಲೇ ಹಾಲೆಗೆ ಬೊಂಬೆಯ ಯೋಗ್ಯತೆ. ನಿಷ್ಪ್ರಯೋಜಕವಾದ ಮರವೆಂಬುದಿಲ್ಲ, ಯೋಜಿಸಿ ಬಳಸುವವರು ಬೇಕು.

ಒಲೆ ಮತ್ತು ಉಸಿರು

ಸೌದೆ ಎಷ್ಟೇ ಒಣಗಿದ್ದರೂ ಒಲೆ ಕೆಟ್ಟದಾದರೆ ಫಲವಿಲ್ಲ. ಮೂರು ಕಲ್ಲಿನ ಒಲೆಯಲ್ಲಿ ಉರಿಸಿದ ಶಾಖದಲ್ಲಿ ಪಾತ್ರೆಗೆ ತಲುಪುವುದು ಸುಮಾರು ಹತ್ತರಲ್ಲಿ ಒಂದೋ ಒಂದೂವರೆಯೋ ಪಾಲು, ಉಳಿದದ್ದು ಗಾಳಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಗ್ರಾಮಗಳಿಗೆ ವಿಜ್ಞಾನವನ್ನು ಒದಗಿಸಲೆಂದು ಆರಂಭವಾದ ‘ಅಸ್ತ್ರ’ ಎಂಬ ವಿಭಾಗದವರು ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಗಳಲ್ಲಿ ಹೆಸರು ಮಾಡಿತು. ಸುತ್ತ ಮುಚ್ಚಿದ ಒಲೆ, ಸೌದೆಯ ಅಡಿಯಿಂದ ಗಾಳಿ ಬರಲು ಜಾಲರಿ, ಸಾಲಾಗಿ ಪಾತ್ರೆಗಳಿಗೆ ತೂತುಗಳು, ಕೊನೆಗೆ ಹೊಗೆಯನ್ನು ಮಾಡಿನಾಚೆ ಒಯ್ಯುವ ಕೊಳವೆ. ಇಷ್ಟರಿಂದ ಸೌದೆಯ ಖರ್ಚೂ ತಗ್ಗಿತು, ಅಡುಗೆಮನೆಯೂ ಬೆಳಗಾಯಿತು. ಆದರೆ ಕೊಳವೆಯನ್ನು ಆಗಾಗ ಶುಚಿ ಮಾಡದಿದ್ದರೆ ಮಸಿ ಕಟ್ಟಿ ಹೊಗೆ ಮನೆಗೇ ಮರಳುತ್ತದೆ. ಆ ಮಸಿಗೆ ಬೆಂಕಿ ಹತ್ತುವ ಭಯವೂ ಉಂಟು.

ಇದು ಬರಿಯ ಅನುಕೂಲದ ಪ್ರಶ್ನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೦ರಲ್ಲಿ ಮನೆಯೊಳಗಿನ ಒಲೆಗಳ ಹೊಗೆಯಿಂದ ಜಗತ್ತಿನಲ್ಲಿ ಸುಮಾರು ೩೨ ಲಕ್ಷ ಜನ ಅಕಾಲಮರಣಕ್ಕೆ ಈಡಾದರು. ಒಲೆಯ ಮುಂದೆ ಹೆಚ್ಚು ಹೊತ್ತು ಕುಳಿತುಕೊಳ್ಳುವವರು ಹೆಂಗಸರು. ಅವರ ಮಡಿಲಲ್ಲಿರುವವು ಎಳೆಯ ಮಕ್ಕಳು. ಶ್ವಾಸಕೋಶದ ಬೇನೆ, ಕಣ್ಣಿನ ಪೊರೆ, ಎಳೆಗೂಸುಗಳ ನ್ಯುಮೋನಿಯಾ ಇವೆಲ್ಲಕ್ಕೂ ಹೊಗೆ ಕಾರಣವೆಂದು ವೈದ್ಯರು ಕಂಡುಕೊಂಡಿದ್ದಾರೆ. ಹೊಗೆಯಿಲ್ಲದ ಕೆಂಡವೂ ನಿರಪಾಯಕಾರಿಯಲ್ಲ. ಮುಚ್ಚಿದ ಕೋಣೆಯಲ್ಲಿ ಚಳಿಗೆಂದು ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡು ತುಂಬಿ, ಮಲಗಿದವರು ಏಳದೆಯೇ ಹೋಗಬಹುದು. ಅನಿಲದ ಒಲೆ ಕೈಗೆಟುಕುವ ಮನೆಯವರು ಅಡುಗೆಗೆ ಅದನ್ನೇ ಬಳಸುವುದು ಶ್ರೇಯಸ್ಕರ. ಸೌದೆ ಅನಿವಾರ್ಯವಾದಲ್ಲಿ ಒಣಸೌದೆ, ಕೊಳವೆಯ ಒಲೆ, ತೆರೆದ ಕಿಟಕಿ ಈ ಮೂರೂ ಇರಲಿ.

ಕಾಯ ಮತ್ತು ಕಾಯಕ

ಸೌದೆಯ ಕೆಲಸ ಕೀಳೆಂದು ಭಾವಿಸುವವರು ನಮ್ಮ ಶರಣಪರಂಪರೆಯನ್ನು ನೆನೆಯಬೇಕು. ಮೋಳಿಗೆಯೆಂದರೆ ಸೌದೆಯ ಹೊರೆ. ಕಾಶ್ಮೀರದ ಅರಸುತನವನ್ನು ತೊರೆದು ಕಲ್ಯಾಣಕ್ಕೆ ಬಂದು, ಕಾಡಿನಿಂದ ಸೌದೆ ತಂದು ಮಾರಿ ಬದುಕಿದನೆಂದು ಪರಂಪರೆ ಹೇಳುವ ಶರಣನು ಆ ಹೊರೆಯ ಹೆಸರಿನಿಂದಲೇ ಮೋಳಿಗೆಯ ಮಾರಯ್ಯನೆಂದು ಪ್ರಖ್ಯಾತನಾದನು. ‘ನಿಃಕಳಂಕ ಮಲ್ಲಿಕಾರ್ಜುನ’ ಆತನ ವಚನಗಳ ಅಂಕಿತ. ಕಾಯಕವೆಂದ ಮೇಲೆ ಸತ್ಯಶುದ್ಧವಾಗಿರಬೇಕು. ತೂಕ ಹೆಚ್ಚಲೆಂದು ಸೌದೆಗೆ ನೀರು ಚಿಮುಕಿಸಿ ಮಾರುವವನು ಕೊಂಡವರ ಗಂಟಿಗೆ ಮಾತ್ರವಲ್ಲ, ಅವರ ಮನೆಯ ಉಸಿರಿಗೂ ಕನ್ನ ಹಾಕುತ್ತಾನೆ. ಕೊಳ್ಳುವವರಿಗೂ ಒಂದು ಧರ್ಮವುಂಟು. ನಮ್ಮ ರಾಜ್ಯದಲ್ಲಿ ೧೯೭೬ರ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಸ್ವಂತ ಜಮೀನಿನ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ಬಳ್ಳಾರಿ ಜಾಲಿ ಮೊದಲಾದವುಗಳಿಗೆ ವಿನಾಯಿತಿ ಉಂಟು. ಸೌದೆಗಾಗಿ ಬೆಳೆಸಬಹುದಾದ ಮರಗಳಾವುವು, ನೆರಳಿಗೂ ತೊಲೆಗೂ ಉಳಿಸಬೇಕಾದವಾವುವು ಎಂಬ ವಿವೇಕಕ್ಕೆ ಈ ವಿನಾಯಿತಿಯ ಪಟ್ಟಿಯೂ ಒಂದು ದಾರಿದೀಪ.

ವಿದ್ಯಾರ್ಥಿಮಿತ್ರರು ಈ ಲೇಖನದಿಂದ ಒಂದು ಕೆಲಸವನ್ನಾದರೂ ಕೈಗೊಂಡರೆ ಬರೆದ ಶ್ರಮ ಸಾರ್ಥಕ. ಬೇಸಗೆಯ ರಜೆಗೆ ಊರಿಗೆ ಹೋದಾಗ ಮನೆಯ ಸೌದೆಯನ್ನು ಒಂದಕ್ಕೊಂದು ಬಡಿದು ನೋಡಿರಿ. ಮಂಕು ದನಿ ಬಂದರೆ ಸೀಳಿ, ನೆಲದಿಂದ ಎತ್ತಿ, ಮಳೆಗೆ ಮುಂಚೆ ಒಟ್ಟಿಡಿರಿ. ತಾಯಿಯ ಒಲೆಗೆ ಹೊಗೆಯ ಕೊಳವೆಯಿಲ್ಲದಿದ್ದರೆ ತಂದೆಗೆ ತಿಳಿಯಹೇಳಿರಿ. ಒಂದು ಮರ ಒಲೆಗೆ ಹೋದಲ್ಲಿ ಎರಡು ಸಸಿಗಳನ್ನು ನೆಡಿರಿ: ಒಂದು ಬೇಗ ಬೆಳೆದು ಸೌದೆಗೆ ಒದಗುವಂಥದು, ಇನ್ನೊಂದು ನಿಮ್ಮ ಮೊಮ್ಮಕ್ಕಳ ಮನೆಗೆ ತೊಲೆಯಾಗುವಂಥದು.